ಗುಳೆ ಹೋದವರ ಮನೆಯ ಆದಾಯ ಲೆಕ್ಕ ಹಾಕುವುದು ಹೇಗೆ? ಸುರಪುರ ತಾಲ್ಲೂಕಿನ 8 ಊರುಗಳ ಸಮೀಕ್ಷೆಗೆ ಸಲಹೆ ಬೇಕು

ಎಡದಂಡೆ

ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನಲ್ಲಿ 8 ಊರು, ಅವುಗಳಿಗೆ ಸೇರಿದ 3 ತಾಂಡಾ. ಅರ್ಧ ಊರುಗಳು ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡವು, ಉಳಿದವು ಕಾಲುವೆಯ ತುದಿಯಲ್ಲಿವೆ ಅಥವಾ ಪೂರ್ತಿ ಮಳೆ ನಂಬಿದವು. ಒಟ್ಟು 360 ಮನೆಗಳಿಗೆ ಪ್ರಶ್ನಾವಳಿ ತುಂಬಿಸಬೇಕು. ಉಲ್ಲೇಖ ವರ್ಷ ಜೂನ್ 2024ರಿಂದ ಮೇ 2025. ಮನೆಗೆ ಯಾವ ಯಾವ ದಾರಿಯಿಂದ ರೊಕ್ಕ ಬರುತ್ತದೆ, ಯಾವ ತಿಂಗಳು ಬರುತ್ತದೆ, ಅದರಲ್ಲಿ ಗುಳೆಯ ಪಾಲೆಷ್ಟು ಎನ್ನುವುದು ಗೊತ್ತಾಗಬೇಕು. ಫಲಿತಾಂಶ ಹೋಗುವುದು ಗ್ರಾಮ ಪಂಚಾಯಿತಿಗಳಿಗೆ. ನರೇಗಾ ಕೆಲಸವನ್ನು ಯಾವ ತಿಂಗಳು ತೆರೆದರೆ ಜನ ಊರಲ್ಲೇ ಉಳಿಯುತ್ತಾರೆ ಎನ್ನುವುದು ಅವರ ಪ್ರಶ್ನೆ.

ಈಗಿನ ಕರಡಿನಲ್ಲಿ ಗುಳೆಗೆ ಇರುವುದು ಎರಡೇ ಪ್ರಶ್ನೆ. "ಮನೆಯಿಂದ ಎಷ್ಟು ಜನ ಹೊರಗೆ ದುಡಿಯಲು ಹೋಗಿದ್ದರು?" "ಕಳೆದ ವರ್ಷ ಎಷ್ಟು ಹಣ ಕಳಿಸಿದರು?" ಇಷ್ಟು ಸಾಲದು ಅಂತ ಗೊತ್ತಿದೆ. ಏನು ಸೇರಿಸಬೇಕು, ಏನು ಬಿಡಬೇಕು ಹೇಳಿ.

ಒಲೆಮತ್ತುಗಂಟು

ಮೊದಲು "ಮನೆ" ಅಂದರೆ ಯಾರು ಅಂತ ತೀರ್ಮಾನಿಸಿ, ಪ್ರಶ್ನೆ ಆಮೇಲೆ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕ್ರಮದಲ್ಲಿ ಒಂದೇ ಒಲೆಯಲ್ಲಿ ಉಂಡು ಒಟ್ಟಿಗೆ ವಾಸ ಮಾಡುವವರು ಒಂದು ಕುಟುಂಬ, ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದವರು ಅದರಿಂದ ಹೊರಗೆ. 2007-08ರ 64ನೇ ಸುತ್ತಿನಲ್ಲಿ ಅಲ್ಪಾವಧಿ ವಲಸಿಗರು ಎಂದು ಎಣಿಸಿದ್ದು ಕಳೆದ 365 ದಿನಗಳಲ್ಲಿ ಒಂದು ತಿಂಗಳಿಗೆ ಮೇಲ್ಪಟ್ಟು, ಆರು ತಿಂಗಳಿಗೆ ಕಡಿಮೆ ಅವಧಿಗೆ ಕೆಲಸಕ್ಕಾಗಿ ಹೊರಗಿದ್ದವರನ್ನು.

ಈ ಅಳತೆಪಟ್ಟಿಯನ್ನು ನಿಮ್ಮ ತಾಲ್ಲೂಕಿಗೆ ಹಿಡಿದು ನೋಡಿ. ದೀಪಾವಳಿ ಮುಗಿಸಿ ಹೊರಟ ಗಂಡ ಹೆಂಡತಿ ರೋಹಿಣಿ ಮಳೆಗೆ ತಿರುಗಿ ಬಂದರೆ ಏಳು ತಿಂಗಳಾಯಿತು. ಊರಿನ ಪಟ್ಟಿಯಲ್ಲಿ ಅವರು ಮನೆಯ ಸದಸ್ಯರಲ್ಲ. ಬೆಂಗಳೂರಿನ ಶೆಡ್ಡಿಗೆ ಪಟ್ಟಿ ಮಾಡುವವರೇ ಬರುವುದಿಲ್ಲ. ಎರಡೂ ಕಡೆ ಲೆಕ್ಕದಿಂದ ಬಿದ್ದುಹೋದರು. ಊರಲ್ಲಿ ಉಳಿದ ಅಜ್ಜ ಅಜ್ಜಿ, ಎರಡು ಮಕ್ಕಳು ಮಾತ್ರ "ದುಡಿಯುವವರಿಲ್ಲದ ಕುಟುಂಬ" ಅಂತ ದಾಖಲಾಗುತ್ತಾರೆ.

ಅದಕ್ಕೆ ನಿಮ್ಮದೇ ನಿಯಮ ಮಾಡಿಕೊಳ್ಳಿ. ಈ 12 ತಿಂಗಳಲ್ಲಿ ಒಂದು ತಿಂಗಳಾದರೂ ಈ ಒಲೆಯಲ್ಲಿ ಉಂಡವರು, ಜೊತೆಗೆ ಇಲ್ಲಿ ಉಣ್ಣದಿದ್ದರೂ ಈ ಮನೆಯ ಗಂಟಿಗೆ ರೊಕ್ಕ ಹಾಕಿದವರು ಅಥವಾ ಗಂಟಿನಿಂದ ತೆಗೆದುಕೊಂಡವರು, ಎಲ್ಲರ ಹೆಸರೂ ಬರಲಿ. ಒಲೆಗೆ ಒಂದು ಕಾಲಂ, ಗಂಟಿಗೆ ಒಂದು ಕಾಲಂ. ಬೇರೆ ಹೋದ ಮಗ ಅಪ್ಪನ ಸಾಲ ಕಟ್ಟುತ್ತಿದ್ದರೆ ಅವನು ಒಲೆಯಲ್ಲಿಲ್ಲ, ಗಂಟಿನಲ್ಲಿದ್ದಾನೆ.

ಆಮೇಲೆ ಪ್ರತಿಯೊಬ್ಬರ ಹೆಸರಿನ ಮುಂದೆ 12 ಚೌಕ. ಊರಲ್ಲಿದ್ದರೆ ಊ, ಬೆಂಗಳೂರಾದರೆ ಬೆಂ, ಗೋವಾ ಆದರೆ ಗೋ. ಪ್ರಶ್ನಾವಳಿಯ ಉಳಿದ ಭಾಗವೆಲ್ಲ ಈ ಚೌಕಗಳ ಮೇಲೆ ನಿಲ್ಲಬೇಕು. ಲೆಕ್ಕದ ಘಟಕ "ಒಬ್ಬರ ಒಂದು ತಿಂಗಳು". ಮನೆಯನ್ನು "ವಲಸೆ ಹೋದ ಮನೆ, ಹೋಗದ ಮನೆ" ಅಂತ ಎರಡು ಗುಂಪು ಮಾಡಿದರೆ ಅರ್ಧ ವಿಷಯ ಅಲ್ಲೇ ಕಳೆದುಹೋಗುತ್ತದೆ.

ಇಂಗ್ಲಿಷ್ ತಿಂಗಳು ಕೇಳಬೇಡಿ. ನಾಗರ ಪಂಚಮಿ, ಮಹಾನವಮಿ, ದೀಪಾವಳಿ, ಎಳ್ಳಮಾಸಿ, ಶಿವರಾತ್ರಿ, ಯುಗಾದಿ, ಕಾರಹುಣ್ಣಿಮೆ ಹಿಡಿದು ಕೇಳಿ. ಮೊಹರಂ ಕೇಳಲೇಬೇಕು, ನಿಮ್ಮ ಕಡೆ ಗುಳೆಯವರು ಊರಿಗೆ ಬರುವುದೇ ಅಲಾಯಿ ಕುಣಿಗೆ. ಆದರೆ ಅದು ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ: 2023ರಲ್ಲಿ ಜುಲೈ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. "ಮೊಹರಂ ಆದ ಮೇಲೆ ಹೋದೆವು" ಅಂದರೆ ಯಾವ ವರ್ಷದ್ದು ಅಂತ ಕೇಳಿ ತಿಂಗಳಿಗೆ ತಿರುಗಿಸಿಕೊಳ್ಳಿ.

ಹಾಜರಿಪುಸ್ತಕ

ಮೇಲಿನ ಚೌಕಗಳ ಮಾತು ಪೂರ್ತಿ ಒಪ್ಪಿಗೆ. ಆದರೆ ಚೌಕ ತುಂಬಿದ ಕೂಡಲೇ ಹೆಚ್ಚಿನವರು ಮಾಡುವ ತಪ್ಪೊಂದಿದೆ. ಹೊರಗಿದ್ದ ದಿನವನ್ನೇ ದುಡಿದ ದಿನ ಅಂದುಕೊಂಡು ಕೂಲಿಯಿಂದ ಗುಣಿಸಿಬಿಡುತ್ತಾರೆ.

ಮಾದರಿ ಲೆಕ್ಕ ಇಲ್ಲಿದೆ. ಅಂಕಿ ವಿಧಾನ ತೋರಿಸಲಿಕ್ಕೆ ಮಾತ್ರ, ಸರಾಸರಿ ಅಂತ ತಿಳಿಯಬೇಡಿ. ಗಂಡ ಹೆಂಡತಿ ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ 7 ತಿಂಗಳು, ಅಂದರೆ 210 ದಿನ. ಗಂಡನ ದಿನಗೂಲಿ 750, ಹೆಂಡತಿಯದು 500. 210ರಿಂದ ಗುಣಿಸಿದರೆ 2,62,500 ರೂಪಾಯಿ. ನಿಜವಾಗಿ ಬಿದ್ದ ಹಾಜರಿ, ಅಂದರೆ ಕೂಲಿ ಸಿಕ್ಕ ದಿನ, ಎಷ್ಟು? ಮಳೆ ಬಂದರೆ ಕಾಂಕ್ರೀಟ್ ಇಲ್ಲ. ಒಂದು ಕಟ್ಟಡ ಮುಗಿದು ಇನ್ನೊಂದು ಸಿಗುವವರೆಗೆ ನಾಕಾದಲ್ಲಿ ನಿಲ್ಲಬೇಕು. ಸೆಂಟ್ರಿಂಗ್ ಆಗುವವರೆಗೆ ಗಾರೆಯವರಿಗೆ ಕೆಲಸವಿಲ್ಲ. ಮಗುವಿಗೆ ಜ್ವರ ಬಂದರೆ ಹೆಂಡತಿಯ ಹಾಜರಿ ಮೊದಲು ಹೋಗುತ್ತದೆ. ಗಂಡನಿಗೆ 140, ಹೆಂಡತಿಗೆ 120 ದಿನ ಅಂತಿಟ್ಟುಕೊಳ್ಳಿ. 1,05,000 ಕೂಡಿಸು 60,000, ಒಟ್ಟು 1,65,000. ಒಂದೇ ಮನೆಯಲ್ಲಿ 97,500 ರೂಪಾಯಿ ವ್ಯತ್ಯಾಸ.

ಇನ್ನು ಅಲ್ಲಿನ ಖರ್ಚು. ಶೆಡ್ಡಿನ ಬಾಡಿಗೆ 2,500ರಂತೆ 17,500. ಊಟ, ಸೌದೆ, ಗ್ಯಾಸು, ನೀರು ತಿಂಗಳಿಗೆ 8,000ದಂತೆ 56,000. ಫೋನು, ಬಸ್ಸು 10,500. ಆಸ್ಪತ್ರೆ 6,000. ಊರಿಗೆ ಬಂದು ಹೋದದ್ದು 5,000. ಒಟ್ಟು 95,000. ಉಳಿದದ್ದು 70,000. ಅದರಲ್ಲಿ ಖಾತೆಗೆ ಹಾಕಿದ್ದು 48,000, ಬರುವಾಗ ಕೈಯಲ್ಲಿ ತಂದದ್ದು 22,000.

"ಎಷ್ಟು ಕಳಿಸಿದರು?" ಅಂತ ಮಾತ್ರ ಕೇಳಿದರೆ ಬರುವ ಉತ್ತರ 48,000. ಆದಾಯ 1,65,000, ಮನೆಗೆ ದಕ್ಕಿದ್ದು 70,000, ಕಳಿಸಿದ್ದು 48,000. ಮೂರೂ ಬೇರೆ ಬೇರೆ ಕಾಲಂ. ಯಾವುದನ್ನು ಎಲ್ಲಿ ಬಳಸಿದಿರಿ ಅಂತ ವರದಿಯಲ್ಲಿ ಬರೆಯಿರಿ.

ದುಡಿದ ದಿನ ಕೇಳುವಾಗ ಇಡೀ ವರ್ಷ ಕೇಳಬೇಡಿ, ಯಾರಿಗೂ ನೆನಪಿರುವುದಿಲ್ಲ. ಒಂದೊಂದು ಸಲ ಹೋಗಿ ಬಂದದ್ದಕ್ಕೆ ಒಂದೊಂದು ಹಾಳೆ. "ವಾರಕ್ಕೆ ಎಷ್ಟು ಹಾಜರಿ ಬೀಳುತ್ತಿತ್ತು? ಪೂರ್ತಿ ಖಾಲಿ ಹೋದ ವಾರ ಎಷ್ಟು?" ಮೇಸ್ತ್ರಿ ವಾರದ ಬಟವಾಡೆ ಮಾಡುವುದರಿಂದ ವಾರದ ಲೆಕ್ಕ ಬಾಯಲ್ಲೇ ಇರುತ್ತದೆ. ಚಿಕ್ಕ ಹಾಜರಿ ಪುಸ್ತಕ ಇಟ್ಟುಕೊಂಡವರೂ ಇದ್ದಾರೆ, ಇದೆಯಾ ಅಂತ ಕೇಳಿ ನೋಡಿ.

ಕೊಯ್ತಾ

ತಾಂಡಾದವರ ವಿಷಯದಲ್ಲಿ ಹಾಜರಿ ಲೆಕ್ಕ ನಡೆಯಂಗಿಲ್ಲರೀ. ಕಬ್ಬು ಕಡಿಯಾಕ ಹೋದವರಿಗೆ ಹಾಜರಿನೇ ಇಲ್ಲ, ಟನ್ನಿನ ಲೆಕ್ಕ. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಒಬ್ಬರೇ ಹೋದರೆ ಅರ್ಧ ಕೊಯ್ತಾ. ರೊಕ್ಕ ಸಿಗೂದು ಹಂಗಾಮಿಗೂ ಮೊದಲು, ಮುಂಗಡದ ರೂಪದಾಗ. ನೀವು ಕೇಳೋ "ಕಳಿಸಿದ ಹಣ" ಇಲ್ಲಿ ಸೊನ್ನೆ.

ಇದಕ್ಕೂ ಒಂದು ಮಾದರಿ ಲೆಕ್ಕ ಹಾಕ್ತೀನಿ. ಶ್ರಾವಣದಾಗ ಮುಕಾದಮನ (ಗ್ಯಾಂಗ್ ಕರಕೊಂಡು ಹೋಗೋ ಗುತ್ತಿಗೆದಾರ) ಕಡೆಯಿಂದ ಒಂದು ಕೊಯ್ತಾಕ್ಕೆ 1,00,000 ಉಚಲ್, ಅಂದರ ಮುಂಗಡ. ಮದುವೆ, ಹಳೆ ಸಾಲ, ಮನಿ ರಿಪೇರಿಗೆ ಅದು ಅವತ್ತೇ ಮುಗೀತು. ದಸರಾ ದೀಪಾವಳಿ ಹೊತ್ತಿಗೆ ಲಾರಿ ಹತ್ತಿದರು. ದಿನಕ್ಕೆ 2.5 ಟನ್, 110 ದಿನ, 275 ಟನ್. ಟನ್ನಿಗೆ 350ರಂತೆ 96,250. ಅಲ್ಲಿ ಇದ್ದಾಗ ವಾರದ ಸಂತಿಗೆ ಮುಕಾದಮ 1,200 ಕೊಡ್ತಾನ, 18 ವಾರಕ್ಕೆ 21,600. ಅದೂ ಲೆಕ್ಕಕ್ಕೆ ಬೀಳ್ತದ. ಒಟ್ಟು ತಗೊಂಡದ್ದು 1,21,600, ಕಡಿದದ್ದು 96,250, ಬಾಕಿ 25,350. ಅದು ಮುಂದಿನ ವರ್ಷದ ಉಚಲ್‌ನಾಗ ಕಡಿತ.

ಈಗ ಈ ಮನಿಗೆ ಹೋಗಿ "ಏನು ತಂದ್ರಿ?" ಅಂತ ಕೇಳಿದರ "ಏನೂ ಇಲ್ಲ, ಮೇಲೆ 25 ಸಾವಿರ ಬಾಕಿ" ಅಂತಾರ. "ಏನು ದುಡಿದ್ರಿ?" ಅಂದರ "ಲಕ್ಷ ರೂಪಾಯಿ" ಅಂತಾರ. ಎರಡೂ ಹಂಗೇ ಬರಕೊಂಡರ ಲೆಕ್ಕ ಕೆಟ್ಟಿತು. ಆದಾಯ 96,250. ಲಕ್ಷ ಸಾಲದ ಕಾಲಂನಾಗ, ಆಗಸ್ಟ್ ತಿಂಗಳಿನ ಚೌಕದಾಗ. ಬಾಕಿ 25,350 ವರ್ಷದ ಕೊನೆಯ ಸಾಲದಾಗ.

ಅದಕ್ಕ ಕೇಳೋ ಕ್ರಮ ಹಿಂಗಿರಲಿ: ಉಚಲ್ ಎಷ್ಟು, ಯಾವಾಗ, ಹಿಂದಿನ ಬಾಕಿ ಅದರಾಗ ಎಷ್ಟು ಮುರಕೊಂಡರು, ಎಷ್ಟು ವಾರ ಕಡಿದ್ರಿ, ದಿನಕ್ಕೆ ಅಂದಾಜು ಎಷ್ಟು ಟನ್, ವಾರದ ಖರ್ಚಿಗೆ ಎಷ್ಟು ಕೊಟ್ಟರು, ಕೊನೆಗೆ ಬಾಕಿ ಎಷ್ಟು ಉಳೀತು. ಈ ಅಂಕಿ ಎಲ್ಲಾ ಒಂದಕ್ಕೊಂದು ತಾಳೆ ಆಗಬೇಕು. ಆಗಲಿಲ್ಲ ಅಂದರ ಅಲ್ಲೇ ಕೂತು ಇನ್ನೊಮ್ಮೆ ಕೇಳ್ರಿ, ಮನಿಗೆ ಹೋಗಿ ಸರಿ ಮಾಡ್ತೀನಿ ಅನ್ನಬ್ಯಾಡ್ರಿ.

ಇನ್ನೂ ಎರಡು ಬಾಬ್ತು ಬಿಟ್ಟು ಹೋಗ್ತಾವ. ಕಡಿದ ಕಬ್ಬಿನ ಹಸಿ ಸೋಗಿ ಮೇವಿಗೆ ಮಾರಿ ಹೆಣ್ಣುಮಕ್ಕಳು ದಿನಾ ಚಿಲ್ಲರೆ ರೊಕ್ಕ ಮಾಡ್ತಾರ. ಗಂಡಸರ ಬಾಯಾಗ ಆ ಲೆಕ್ಕ ಬರಂಗಿಲ್ಲ. ಇನ್ನೊಂದು, ತನ್ನ ಹೊಲ ಬೇಗ ಕಡೀಲಿ ಅಂತ ರೈತ ಗ್ಯಾಂಗಿಗೆ ಮೇಲೆ ಕೊಡೋ ರೊಕ್ಕ. ಅದು ಮುಕಾದಮನ ಪುಸ್ತಕದಾಗ ಇರಂಗಿಲ್ಲ.

ಉಚಲ್‌ಗೆ ಬಡ್ಡಿ ಇಲ್ಲ ಅಂತಾರ. ಮುಂಗಡ ತಗೊಳ್ಳದೆ ಬಂದ ಗ್ಯಾಂಗಿಗೆ ಅದೇ ಭಾಗದಾಗ ಟನ್ನಿಗೆ ಏನು ದರ ಕೊಟ್ಟರು ಕೇಳ್ರಿ. ವ್ಯತ್ಯಾಸ ಇದ್ದರ ಅದೇ ಬಡ್ಡಿ.

ಕೂಲಿಹಕ್ಕು

ಕೊಯ್ತಾ ಅವರ ಲೆಕ್ಕ ಸರಿಯಾಗಿದೆ. ಆದರೆ ಉಚಲ್ ಅನ್ನು "ಸಾಲ" ಅಂತ ಬರೆದು ಮುಂದೆ ಹೋಗುವ ಮೊದಲು ನಾಲ್ಕು ಪ್ರಶ್ನೆ ಸೇರಿಸಿ. ನಡುವೆ ಬಿಟ್ಟು ಬರಬಹುದಿತ್ತೇ? ಬೇರೆಯವರ ಹತ್ತಿರ ಕೆಲಸಕ್ಕೆ ಹೋಗಬಹುದಿತ್ತೇ? ಸಿಕ್ಕ ಕೂಲಿ ಕನಿಷ್ಠ ವೇತನಕ್ಕಿಂತ ಕಡಿಮೆಯೇ? ಮನೆಯಲ್ಲಿ ಯಾರನ್ನಾದರೂ ಬಾಕಿಗಾಗಿ ಇರಿಸಿಕೊಂಡಿದ್ದರೇ? ಮುಂಗಡದ ಕಾರಣಕ್ಕೆ ಈ ಸ್ವಾತಂತ್ರ್ಯಗಳಲ್ಲಿ ಒಂದು ಹೋಗಿದ್ದರೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಮಾತು ಬರುತ್ತದೆ. ಅಂಥ ಮುಂಗಡವನ್ನು ತೀರಿಸುವ ಬಾಧ್ಯತೆಯೇ ಆ ಕಾಯ್ದೆಯಡಿ ಇಲ್ಲ. ದೂರು ಹೋಗಬೇಕಾದದ್ದು ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ. ಸಮೀಕ್ಷೆ ಮಾಡುವವರು ಸ್ಥಳದಲ್ಲೇ ಪಂಚಾಯಿತಿ ಸೇರಿಸಬಾರದು.

ಮುಕಾದಮ, ಮೇಸ್ತ್ರಿಗಳ ಹೆಸರನ್ನು ಮನೆಯ ಹಾಳೆಯಲ್ಲಿ ಬರೆಯಬೇಡಿ. ಬೇಕಿದ್ದರೆ ಸಂಕೇತ ಸಂಖ್ಯೆ ಕೊಟ್ಟು ಹೆಸರಿನ ಪಟ್ಟಿ ಬೇರೆ ಕಡೆ ಇಡಿ. ಹಾಳೆ ಅವರ ಕೈಗೆ ಸಿಕ್ಕರೆ ಮುಂದಿನ ವರ್ಷ ಆ ಮನೆಗೆ ಉಚಲ್ ಸಿಗುವುದಿಲ್ಲ.

ಊರಿನ ಹೆಸರು ಮಾತ್ರವಲ್ಲ, ರಾಜ್ಯದ ಗಡಿ ದಾಟಿದರೇ ಎನ್ನುವುದೂ ಮುಖ್ಯ. ನಿಮ್ಮ ಉಲ್ಲೇಖ ವರ್ಷದಲ್ಲಿ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 5 ಅಥವಾ ಹೆಚ್ಚು ಜನರನ್ನು ಕರೆದೊಯ್ಯುವ ಗುತ್ತಿಗೆದಾರನಿಗೆ ಅನ್ವಯವಾಗುತ್ತಿತ್ತು. ಅದರಲ್ಲಿ ತಿಂಗಳ ಕೂಲಿಯ ಶೇ 50ರಷ್ಟು ಸ್ಥಳಾಂತರ ಭತ್ಯೆ, ಹೋಗಿ ಬರುವ ಪ್ರಯಾಣದ ಖರ್ಚು ಇತ್ತು. ಗೋವಾ, ಮಹಾರಾಷ್ಟ್ರಕ್ಕೆ ಹೋದವರಿಗೆ ಇದು ಸಲ್ಲಬೇಕಿತ್ತು. ಯಾದಗಿರಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ರೈಲಿನಲ್ಲಿ ಬಂದವರಿಗೆ ಸಲ್ಲುತ್ತಿರಲಿಲ್ಲ, ಅವರು ರಾಜ್ಯದೊಳಗೇ ಇದ್ದಾರೆ. ಬೆಂಗಳೂರಿನವರಿಗೆ ಕೇಳಬೇಕಾದದ್ದು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಇದೆಯಾ ಅಂತ. 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿಗೆ ಅರ್ಹರು. ಮಕ್ಕಳ ವಿದ್ಯಾರ್ಥಿವೇತನ, ಮದುವೆ ಸಹಾಯಧನ ಆ ಕಾರ್ಡಿನಿಂದ ಬಂದಿದ್ದರೆ ಅದೂ ಗುಳೆಯ ಹಾದಿಯಲ್ಲಿ ಬಂದ ಹಣವೇ.

ಎಡದಂಡೆ

ಎಲ್ಲರಿಗೂ ಧನ್ಯವಾದ. ಹೋಗಿ ಬಂದ ಒಂದೊಂದು ಸಲಕ್ಕೆ ಒಂದೊಂದು ಹಾಳೆ, ಉಚಲ್‌ಗೆ ಬೇರೆ ಹಾಳೆ ಮಾಡುತ್ತೇನೆ. ಎರಡು ಸಂಶಯ. ಖಾತೆಗೆ ಬಂದ ಹಣವನ್ನು ಪಾಸ್‌ಬುಕ್ ನೋಡಿ ಬರೆದುಕೊಂಡರೆ ಸಾಕೇ? ಊರಿಂದ ಜೋಳ, ಖಾರಪುಡಿ ಕಟ್ಟಿಕೊಂಡು ಹೋಗುತ್ತಾರಲ್ಲ, ಅದನ್ನು ಎಲ್ಲಿ ಹಾಕಬೇಕು?

ಬ್ಯಾಂಕ್‌ಮಿತ್ರ

ಪಾಸ್‌ಬುಕ್ ನೋಡಿ, ಆದರೆ ಅದೊಂದನ್ನೇ ನಂಬಬೇಡಿ ಸರ್.

ಖಾತೆಯಲ್ಲಿ ಜಮಾ ಆದದ್ದೆಲ್ಲ ಗುಳೆಯ ರೊಕ್ಕವಲ್ಲ. ಎ.ಪಿ.ಬಿ. ಅಥವಾ ಡಿ.ಬಿ.ಟಿ. ಅಂತಿದ್ದರೆ ಸರ್ಕಾರದ್ದು: ಗೃಹಲಕ್ಷ್ಮಿಯ 2,000, ಪಿಂಚಣಿ, ಪಿಎಂ ಕಿಸಾನ್‌ನ ವರ್ಷಕ್ಕೆ ಮೂರು ಸಲದ 2,000, ನರೇಗಾ ಕೂಲಿ. ಯು.ಪಿ.ಐ. ಅಂತಿದ್ದರೆ ಮಗ ಕಳಿಸಿದ್ದೂ ಇರಬಹುದು, ಹತ್ತಿ ಮಾರಿದ್ದೂ ಇರಬಹುದು, ಪಕ್ಕದ ಮನೆಯವರಿಗೆ ಬಂದದ್ದೂ ಇರಬಹುದು. ಕೊನೆಯದು ಬಹಳ. ಊರಲ್ಲಿ ಫೋನ್‌ಪೇ ಇರುವ ಒಬ್ಬ ಹುಡುಗನ ಖಾತೆಗೆ ಮೂರು ನಾಲ್ಕು ಮನೆಯ ರೊಕ್ಕ ಬರುತ್ತದೆ, ಅವನು ನಗದು ಕೊಡುತ್ತಾನೆ. ಅವನ ಮನೆಗೆ ಹೋದರೆ ಲಕ್ಷಗಟ್ಟಲೆ ಕಾಣುತ್ತದೆ, ಉಳಿದ ಮನೆಗಳಲ್ಲಿ ಏನೂ ಕಾಣುವುದಿಲ್ಲ. "ಈ ಖಾತೆಗೆ ಬೇರೆಯವರ ರೊಕ್ಕ ಬರುತ್ತದಾ?" "ನಿಮ್ಮ ರೊಕ್ಕ ಬೇರೆಯವರ ಖಾತೆಗೆ ಬರುತ್ತದಾ?" ಎರಡನ್ನೂ ಕೇಳಿ.

ಇನ್ನೊಂದು ತೊಡಕು ಬಹಳ ಜನರಿಗೆ ಗೊತ್ತಿಲ್ಲ. ಆಧಾರ್ ಮೂಲಕ ಬರುವ ಸರ್ಕಾರಿ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗುತ್ತದೆ. ಗೋವಾದಲ್ಲಿ ಗುತ್ತಿಗೆದಾರ ಪಗಾರ ಹಾಕಲಿಕ್ಕೆ ಹೊಸ ಖಾತೆ ತೆಗೆಸಿ ಆಧಾರ್ ಜೋಡಿಸಿದ ಅಂದುಕೊಳ್ಳಿ. ಅವತ್ತಿಂದ ಊರಿನ ಖಾತೆಗೆ ಬರುತ್ತಿದ್ದ ಪಿಎಂ ಕಿಸಾನ್ ಆ ಖಾತೆಗೆ ತಿರುಗುತ್ತದೆ. ಮನೆಯಲ್ಲಿ "ಹಣ ನಿಂತುಹೋಯಿತು" ಅನ್ನುತ್ತಾರೆ. ನಿಂತಿಲ್ಲ, ಬೇರೆ ಕಡೆ ಬೀಳುತ್ತಿದೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ತಿಳಿಯುತ್ತದೆ. ಆದರೆ ಒ.ಟಿ.ಪಿ. ಹೋಗುವ ಸಿಮ್ ಗಂಡನ ಜೊತೆ ಗೋವಾದಲ್ಲಿರುತ್ತದೆ. ಸಂಜೆ ಅವರು ಕೆಲಸದಿಂದ ಬಂದ ಮೇಲೆ ಫೋನ್ ಹಚ್ಚಿ ನೋಡಬೇಕು.

ಮೊತ್ತ ಕೇಳುವಾಗ "ವರ್ಷಕ್ಕೆ ಎಷ್ಟು" ಬೇಡ. ಕೊನೆಯ ಮೂರು ಸಲ ಕಳಿಸಿದ್ದು ಎಷ್ಟು, ಯಾವಾಗ, ಯಾರ ಕೈಯಲ್ಲಿ ಅಂತ ಕೇಳಿ. ಜೊತೆಗೆ ವರ್ಷದಲ್ಲಿ ಒಮ್ಮೆಗೇ ಬಂದ ದೊಡ್ಡ ಮೊತ್ತ. ನಗದು ಬಿಡಿಸಿಕೊಳ್ಳಲು ಕೊಟ್ಟ ಕಮಿಷನ್ ಖರ್ಚಿಗೆ ಹಾಕಿ, ಬಂದ ಹಣದಿಂದ ಕಳೆಯಬೇಡಿ. ಮರೆತು ಎರಡು ಕಡೆಯೂ ಕಳೆದಿರುತ್ತಾರೆ.

ಜೋಳದಕಣ

ಊರಿಂದ ಹೋಗುವ ಹರಿವು ದೊಡ್ಡದು, ಅದನ್ನು ಬಿಡಲೇಬೇಡಿ. ಜೋಳದ ಚೀಲ, ತೊಗರಿಬೇಳೆ, ಖಾರ, ಶೇಂಗಾ ಬಸ್ಸಿನ ಮೇಲೆ ಹೋಗುತ್ತವೆ. ಮನೆಯಲ್ಲಿ ಬೆಳೆದದ್ದಾದರೆ ಆ ತಿಂಗಳ ಊರಿನ ಮಾರಾಟ ದರ ಹಾಕಿ, ಬೆಂಗಳೂರಿನ ಅಂಗಡಿ ದರ ಬೇಡ. ಎರಡು ಕ್ವಿಂಟಲ್ ಜೋಳ ಕ್ವಿಂಟಲಿಗೆ 3,000 ಅಂದರೂ 6,000 ಆಯಿತು. ಮೇಲಿನ ಮಾದರಿಯ 70,000 ಅಲ್ಲಿಗೆ 64,000. ಹೊರಡುವಾಗ ಕೈಗೆ ಕೊಟ್ಟ ರೊಕ್ಕ, ಅಲ್ಲಿ ಕಾಯಿಲೆ ಬಿದ್ದಾಗ ಇಲ್ಲಿಂದ ಹಾಕಿದ ರೊಕ್ಕ ಇದೇ ಕಾಲಂ.

ಸಿಕ್ಕಿಕೊಳ್ಳುವುದು ಪಡಿತರದ ಅಕ್ಕಿಯಲ್ಲಿ. 2023ರ ಜುಲೈಯಿಂದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರ ಫೆಬ್ರವರಿಯಿಂದ ಅಕ್ಕಿಯೇ ಕೊಡಲು ಶುರು ಮಾಡಿದರು. ನಿಮ್ಮ ಉಲ್ಲೇಖ ವರ್ಷದ ನಡುವೆಯೇ ಈ ಬದಲಾವಣೆ ಬೀಳುತ್ತದೆ. ಖಾತೆ ಮಾತ್ರ ನೋಡಿದರೆ ಫೆಬ್ರವರಿ ಮುಂದೆ ಮನೆಯ ಆದಾಯ ಇಳಿದಂತೆ ಕಾಣುತ್ತದೆ, ಇಳಿದಿಲ್ಲ. ಅಕ್ಕಿಯ ಕಿಲೋ ಬೇರೆ ಸಾಲಿನಲ್ಲಿ ಬರಲಿ, ನಗದಿನ ಜೊತೆ ಕೂಡಿಸಬೇಡಿ.

ಒಲೆಮತ್ತುಗಂಟು

ಅಕ್ಕಿಯನ್ನು ಬೇರೆ ಇಡಬೇಕು ಎನ್ನುವುದಕ್ಕೆ ಅರ್ಧ ಒಪ್ಪಿಗೆ. ಬೇರೆ ಸಾಲು ಸರಿ, ಆದರೆ ಬೆಲೆ ಕಟ್ಟದೆ ಬಿಟ್ಟರೆ ಊರಲ್ಲಿ ಉಳಿದವರ ಮನೆ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ. ಕಿಲೋ ಮತ್ತು ರೂಪಾಯಿ ಎರಡೂ ಬರೆದು, ಒಟ್ಟು ಆದಾಯವನ್ನು ಅಕ್ಕಿ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ತೋರಿಸಿ.

ರೇಷನ್ ಕಾರ್ಡಿನ ಮಾತು ಬಂತು, ಅದಕ್ಕೆ ಹೇಳುತ್ತೇನೆ: ಕಾರ್ಡಿನ ಪಟ್ಟಿಯಿಂದ ಮನೆಗಳನ್ನು ಆರಿಸಬೇಡಿ. ಒಂದೇ ಒಲೆ ಇದ್ದೂ ಅತ್ತೆ ಸೊಸೆಗೆ ಎರಡು ಕಾರ್ಡ್ ಇರುತ್ತದೆ, ಬೇರೆ ಊಟ ಮಾಡುವ ಅಣ್ಣ ತಮ್ಮ ಒಂದೇ ಕಾರ್ಡಿನಲ್ಲಿರುತ್ತಾರೆ. ಬಾಗಿಲಿಂದ ಬಾಗಿಲಿಗೆ ಹೋಗಿ ಪಟ್ಟಿ ಮಾಡುವುದೊಂದೇ ದಾರಿ.

ಇಡೀ ಸಮೀಕ್ಷೆಯನ್ನು ಕೆಡಿಸಬಲ್ಲದ್ದು ಬೀಗ ಹಾಕಿದ ಮನೆ. ಸಮೀಕ್ಷಕರಿಗೆ "ಬೀಗ ಇದ್ದರೆ ಪಕ್ಕದ ಮನೆ ತಗೊಳ್ಳಿ" ಅಂತ ಹೇಳಿಬಿಟ್ಟರೆ ಗುಳೆ ಹೋದವರನ್ನೇ ಹೆಕ್ಕಿ ಹೊರಗಿಟ್ಟಂತೆ. ಬದಲಿ ಮನೆ ಬೇಡವೇ ಬೇಡ. ಪಟ್ಟಿ ಮಾಡುವಾಗಲೇ ಮೂರು ಗುಂಪು ಮಾಡಿ: ಪೂರ್ತಿ ಬೀಗ, ಕೆಲವರು ಹೋದದ್ದು, ಎಲ್ಲರೂ ಇರುವುದು. ಊರಿನ 200 ಮನೆಯಲ್ಲಿ ಇವು 60, 50, 90 ಇವೆ ಅಂದುಕೊಳ್ಳಿ. ನಿಮ್ಮ ಪಾಲು ಊರಿಗೆ 45 ಹಾಳೆ, ಗುಂಪಿಗೆ 15. ಆಗ ತೂಕ 60 ಭಾಗಿಸು 15 ಅಂದರೆ 4, ಎರಡನೆಯದಕ್ಕೆ 3.33, ಮೂರನೆಯದಕ್ಕೆ 6. ಸರಾಸರಿ ತೆಗೆಯುವಾಗ ಈ ತೂಕದಿಂದ ಗುಣಿಸಬೇಕು. ತೂಕ ಹಾಕದೆ 45 ಮನೆಯನ್ನೂ ಸಮ ಹಂಚಿದರೆ ಗುಳೆಯ ಪಾಲು ಉಬ್ಬುತ್ತದೆ, ಬೀಗ ಬಿಟ್ಟರೆ ಕುಗ್ಗುತ್ತದೆ.

ಬೀಗದ ಮನೆಯ 15 ಹಾಳೆ ತುಂಬುವುದು ಯಾವಾಗ? ಪಟ್ಟಿಯನ್ನು ಜನ ಹೊರಗಿರುವ ಫೆಬ್ರವರಿಯಲ್ಲಿ ಮಾಡಿ. ನೆರೆಯವರಿಂದ ಎಲ್ಲಿಗೆ, ಯಾವಾಗಿನಿಂದ, ಫೋನ್ ನಂಬರ್, ಇಷ್ಟೇ ತಗೊಳ್ಳಿ. ಹಾಳೆ ತುಂಬುವುದು ಮೊಹರಂ ವಾರದಲ್ಲಿ, ಅವರು ಊರಿಗೆ ಬಂದಾಗ. ಹಬ್ಬದ ದಿನವೇ ಹೋಗಬೇಡಿ, ಮುಂಚೆ ಅಥವಾ ಮಾರನೆಯ ದಿನ.

ಕಾಲುವೆತುದಿ

ಊರುಗಳನ್ನು ಕಾಲುವೆ ಮೇಲ್ಭಾಗ, ತುದಿ, ಒಣಭೂಮಿ ಅಂತ ಬೇರೆ ಮಾಡದೆ ಕೂಡಿಸಬೇಡಿ. ಮೇಲ್ಭಾಗದ ಊರಿಗೆ ಭತ್ತದ ನಾಟಿಗೂ ಹತ್ತಿ ಬಿಡಿಸಲಿಕ್ಕೂ ಹೊರಗಿನವರೇ ಬರುತ್ತಾರೆ. ಅದೇ ಪಂಚಾಯಿತಿಯ ತಾಂಡಾ ಆ ಹೊತ್ತಿಗೆ ಖಾಲಿ ಇರುತ್ತದೆ. ಬರುವವರಿಗೆ ಕೊಟ್ಟ ಕೂಲಿ ಆ ಊರಿನಿಂದ ಹೊರಹೋಗುವ ಹಣ. ಗುಂಪಿನ ಮುಖಂಡರನ್ನು ಕೇಳಿ ಎಷ್ಟು ಜನ, ಎಷ್ಟು ವಾರ, ಕಿಲೋಗೆ ಎಷ್ಟು ಅಂತ ಊರ ಮಟ್ಟದ ಹಾಳೆಯಲ್ಲಿ ಬರೆಯಿರಿ.

ಹಿಂಗಾರಿಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ನೀರಾವರಿ ಸಲಹಾ ಸಮಿತಿಯ ತೀರ್ಮಾನದ ಮೇಲೆ ಆ ವರ್ಷದ ಗುಳೆ ನಿಂತಿರುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ನಿಮ್ಮ ಉಲ್ಲೇಖ ವರ್ಷ ಅದರ ಮರುವರ್ಷ. ಬರದ ಸಾಲ ತೀರಿಸಲಿಕ್ಕೆ ಹೋದವರು ಇದರಲ್ಲಿ ಬಹಳ ಸಿಗುತ್ತಾರೆ. "ಹಿಂದಿನ ವರ್ಷವೂ ಹೋಗಿದ್ದಿರಾ, ಅದರ ಹಿಂದಿನ ವರ್ಷ?" ಎಂಬ ಎರಡು ಚೌಕ ಇದ್ದರೆ ಸಾಕು, ಪ್ರತಿವರ್ಷ ಹೋಗುವವರು ಯಾರು, ಬರಕ್ಕೆ ಮಾತ್ರ ಹೋದವರು ಯಾರು ಬೇರೆಯಾಗುತ್ತದೆ.

ಹಾಜರಿಪುಸ್ತಕ

ನರೇಗಾ ಪ್ರಶ್ನೆಗೆ ಬರೋಣ, ಪಂಚಾಯಿತಿಗೆ ಬೇಕಿರುವುದು ಅದೇ. 2024-25ರಲ್ಲಿ ಕರ್ನಾಟಕದ ದರ ದಿನಕ್ಕೆ 349 ರೂಪಾಯಿ ಇತ್ತು. 100 ದಿನಕ್ಕೆ 34,900. ಆ 100 ದಿನ ತಲೆಗಲ್ಲ, ಮನೆಗೆ. ಗಂಡ ಹೆಂಡತಿ ಇಬ್ಬರೂ ಬಂದರೆ 50 ದಿನಕ್ಕೆ ಮುಗಿಯಿತು. ಮೇಲಿನ ಮಾದರಿಯ ಮನೆಗೆ ದಕ್ಕಿದ 64,000ದ ಎದುರು ಇದನ್ನು ಇಟ್ಟು ನೋಡಿ. ಗಂಡ ಉಳಿಯಲಿಕ್ಕಿಲ್ಲ. ಆದರೆ ಹೆಂಡತಿಯ ಲೆಕ್ಕ ಬೇರೆ. ಅಲ್ಲಿ 120 ದಿನಕ್ಕೆ 60,000, ಅವಳ ಪಾಲಿನ ಊಟ, ಬಾಡಿಗೆ, ಆಸ್ಪತ್ರೆ ಕಳೆದರೆ ಉಳಿಯುವುದು ಊರಲ್ಲಿ 100 ದಿನ ಮಾಡಿದ್ದಕ್ಕಿಂತ ಕಡಿಮೆಯೂ ಆಗಬಹುದು. ಅದಕ್ಕೇ ಮನೆಯ ಮೊತ್ತ ಒಂದೇ ಸಾಲದು, ಒಬ್ಬೊಬ್ಬರ ತಿಂಗಳು ಬೇಕು ಅಂತ ಇಲ್ಲಿ ಎಲ್ಲರೂ ಹೇಳುತ್ತಿರುವುದು.

ಕೂಲಿ ಕೈಗೆ ಬಂದ ದಿನವನ್ನೂ ಬರೆದುಕೊಳ್ಳಿ. ಮೇಸ್ತ್ರಿ ವಾರಕ್ಕೊಮ್ಮೆ ಕೊಡುತ್ತಾನೆ. ನಿಮ್ಮ ಉಲ್ಲೇಖ ವರ್ಷದಲ್ಲಿ ನರೇಗಾ ಕೂಲಿ 15 ದಿನದೊಳಗೆ ಬರಬೇಕಿತ್ತು, ತಡವಾದರೆ ದಿನಕ್ಕೆ ಶೇ 0.05 ಪರಿಹಾರವಿತ್ತು. ಸಂತೆಗೆ ರೊಕ್ಕ ಬೇಕಾದವರು ತಿಂಗಳುಗಟ್ಟಲೆ ಕಾಯಲಾರರು. ನಮೂನೆ 6ರಲ್ಲಿ ಅರ್ಜಿ ಕೊಟ್ಟ ತಿಂಗಳು, ಕೆಲಸ ಸಿಕ್ಕ ತಿಂಗಳು, ಕೂಲಿ ಬಂದ ತಿಂಗಳು, ಮೂರನ್ನೂ ಅದೇ 12 ಚೌಕದಲ್ಲಿ ಗುರುತಿಸಿದರೆ ಪಂಚಾಯಿತಿಗೆ ಉತ್ತರ ಅಲ್ಲೇ ಕಾಣುತ್ತದೆ.

ವಾರದಕಂತು

ಉಚಲ್ ಬಿಟ್ಟು ಬೇರೆ ಸಾಲದ ಕಡೆ ಇನ್ನೂ ಯಾರೂ ಕೈ ಹಾಕಿಲ್ಲ. ಗುಳೆಯ ರೊಕ್ಕ ಮನೆಯಲ್ಲಿ ನಿಲ್ಲದೆ ನೇರ ಕಂತಿಗೆ ಹೋಗುವ ಮನೆಗಳಿವೆ. "ಸಾಲ ಇದೆಯಾ?" ಅಂದರೆ ಇಲ್ಲ ಅನ್ನುತ್ತಾರೆ. "ನಿಮ್ಮ ಕಂತು ಯಾವ ವಾರ?" ಅಂತ ಕೇಳಿ, ಸೋಮವಾರ ಒಂದು, ಗುರುವಾರ ಒಂದು ಅಂತ ಹೇಳುತ್ತಾರೆ. ಮೈಕ್ರೋ ಫೈನಾನ್ಸ್, ಸ್ವಸಹಾಯ ಸಂಘ, ಬಂಗಾರದ ಮೇಲಿನ ಸಾಲ, ಕಿರಾಣಿ ಅಂಗಡಿಯ ಉದ್ರಿ, ಗೊಬ್ಬರದಂಗಡಿಯ ಉದ್ರಿ ಬೇರೆ ಬೇರೆ ಕೇಳಬೇಕು. ಪಡೆದ ಅಸಲು ಆದಾಯವಲ್ಲ, ಕಟ್ಟಿದ ಅಸಲು ಖರ್ಚಲ್ಲ, ಬಡ್ಡಿ ಮಾತ್ರ ಖರ್ಚು.

ವಸೂಲಿಯ ಕಿರುಕುಳಕ್ಕೆ ಊರು ಬಿಟ್ಟವರ ಸುದ್ದಿಗಳ ನಡುವೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ನಿಮ್ಮ ವರ್ಷದೊಳಗೇ ಬರುತ್ತದೆ. ಹೋದ ಕಾರಣ ಕೇಳುವಾಗ "ಕಂತು ಕಟ್ಟಲಿಕ್ಕೆ" ಎಂಬುದೊಂದು ಆಯ್ಕೆ ಇರಲಿ. "ಕೆಲಸ ಹುಡುಕಿಕೊಂಡು" ಎಂಬ ಒಂದೇ ಆಯ್ಕೆಯೊಳಗೆ ಅದು ಮುಚ್ಚಿಹೋಗಬಾರದು.

ಈ ಭಾಗಕ್ಕೆ ಉತ್ತರಿಸಬೇಕಾದವರು ಮನೆಯ ಹೆಣ್ಣುಮಕ್ಕಳು, ಅದೂ ಗಂಡಸರು ಪಕ್ಕದಲ್ಲಿಲ್ಲದಾಗ. ಸಂಘದ ಸಾಲ ಅವರ ಹೆಸರಲ್ಲೇ ಇರುತ್ತದೆ.

ಎಡದಂಡೆ

ಇನ್ನೊಂದು ಪ್ರಶ್ನೆ. ನಮ್ಮ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು? ಜಿಲ್ಲೆಯ ತಲಾ ಆದಾಯದ ಪಕ್ಕದಲ್ಲಿ ಇಡಿ ಅನ್ನುತ್ತಿದ್ದಾರೆ.

ಒಲೆಮತ್ತುಗಂಟು

ಇಡಬೇಡಿ. ಜಿಲ್ಲೆಯ ತಲಾ ಆದಾಯ ಬರುವುದು ಜಿಲ್ಲಾ ಆಂತರಿಕ ಉತ್ಪನ್ನದಿಂದ. ಅದು ಉತ್ಪಾದನೆ ಎಲ್ಲಿ ಆಯಿತೋ ಅಲ್ಲಿ ಲೆಕ್ಕ. ಸುರಪುರದವರು ಬೆಂಗಳೂರಿನಲ್ಲಿ ಕಟ್ಟಿದ ಗೋಡೆ ಬೆಂಗಳೂರಿನ ಉತ್ಪನ್ನ. ಅವರು ಮನೆಗೆ ತಂದ ರೊಕ್ಕ ಯಾದಗಿರಿಯ ಅಂಕಿಯಲ್ಲಿ ಎಲ್ಲೂ ಇಲ್ಲ. ಆದರೆ ತಲಾ ಅಂತ ಭಾಗಿಸುವಾಗ ಆ ಜನ ಯಾದಗಿರಿಯ ಜನಸಂಖ್ಯೆಯಲ್ಲಿ ಇರುತ್ತಾರೆ.

2018-19ರ ಕೃಷಿ ಕುಟುಂಬಗಳ ಸಮೀಕ್ಷೆಯೂ ನೇರ ಹೋಲಿಕೆಗೆ ಬಾರದು. ಅದರ ದೇಶದ ಸರಾಸರಿ ತಿಂಗಳಿಗೆ 10,218 ರೂಪಾಯಿ. ಅದರಲ್ಲಿ ಕೂಲಿ ಸಂಬಳದ್ದೇ 4,063, ಬೆಳೆಯಿಂದ 3,798. ಕೃಷಿ ಕುಟುಂಬದಲ್ಲೇ ಬೆಳೆಗಿಂತ ಕೂಲಿ ಮುಂದಿದೆ ಎನ್ನುವುದು ನಿಮಗೆ ಉಪಯೋಗದ ಮಾತು. ಆದರೆ ಆ 10,218ರಲ್ಲಿ ಇರುವ ಬಾಬ್ತು ಐದು: ಕೂಲಿ ಸಂಬಳ, ಭೂಮಿ ಗುತ್ತಿಗೆ, ಬೆಳೆ, ಪಶುಸಂಗೋಪನೆ, ಕೃಷಿಯೇತರ ಉದ್ಯೋಗ. ಹೊರಗಿನವರು ಕಳಿಸಿದ ಹಣಕ್ಕೆ ಸಾಲಿಲ್ಲ. ಹೋಲಿಸಲೇಬೇಕಾದರೆ ನಿಮ್ಮ ಅಂಕಿಯಿಂದ ಅದನ್ನು ತೆಗೆದು, ಅದೇ ಐದು ಬಾಬ್ತಿನ ಮೊತ್ತ ಬೇರೆ ಮಾಡಿ ತೋರಿಸಿ.

ಕೊಯ್ತಾ

ಒಂದು ಬಾಬ್ತು ಉಳೀತು ನೋಡ್ರಿ. ಈಗ ಮನಿ ಕಟ್ಟಿಸೋರು ರೊಕ್ಕ ಮನಿಗೆ ಕಳಸಂಗಿಲ್ಲ. ಸಿಮೆಂಟ್ ಅಂಗಡಿಗೆ, ಕಬ್ಬಿಣದ ಅಂಗಡಿಗೆ, ಬೀಜ ಗೊಬ್ಬರದ ಅಂಗಡಿಗೆ ಅಲ್ಲಿಂದಲೇ ಫೋನ್‌ಪೇ ಮಾಡ್ತಾರ. ಊರಾಗ ಇದ್ದ ತಾಯಿಗೆ ಮೊತ್ತ ಗೊತ್ತೇ ಇರಂಗಿಲ್ಲ, ಸಾಮಾನು ಬಂದು ಬೀಳ್ತದ ಅಷ್ಟೇ. "ನಿಮ್ಮ ಸಲುವಾಗಿ ಅವರು ಅಂಗಡಿಗೆ ನೇರ ಕಟ್ಟಿದ್ದು ಏನಾದರೂ ಐತೇನು?" ಅಂತ ಕೇಳಿ, ಹೊರಗಿದ್ದವರಿಗೆ ಫೋನ್ ಹಚ್ಚಿ ಮೊತ್ತ ಬರಕೋರಿ. ಆಸ್ಪತ್ರಿ ಬಿಲ್ಲು, ಹಾಸ್ಟೆಲ್ ಫೀಜು, ಟ್ರ್ಯಾಕ್ಟರ್ ಬಾಡಿಗೀನೂ ಹಂಗೇ ಹೊಂಟಾವ.

ಎಡದಂಡೆ

ಸೇರಿಸಿದೆ. ಮೊದಲು ಒಂದು ತಾಂಡಾ, ಒಂದು ಕಾಲುವೆ ಊರಿನಲ್ಲಿ ಆರಾರು ಮನೆಗೆ ಹೋಗಿ ಹಾಳೆ ಪರೀಕ್ಷೆ ಮಾಡಿ, ತಾಳೆಯಾಗದ ಜಾಗಗಳನ್ನು ಇಲ್ಲೇ ಹಾಕುತ್ತೇನೆ. ಉಚಲ್ ಹಾಳೆಯ ಕರಡನ್ನು ಕೊಯ್ತಾ ಅವರು ಒಮ್ಮೆ ನೋಡಿಕೊಡಬೇಕು.

ಕೊಯ್ತಾ

ಕಳಸ್ರಿ, ನೋಡ್ತೀನಿ. ತಾಂಡಾದಾಗ ಲಂಬಾಣಿ ಮಾತು ಬರೋ ಹೆಣ್ಣುಮಗಳೊಬ್ಬಳನ್ನ ಜೋಡಿ ಕರಕೊಂಡು ಹೋಗ್ರಿ. ಟನ್ನಿನ ಲೆಕ್ಕ ಗಂಡಸರು ಹೇಳ್ತಾರ, ವಾರದ ಖರ್ಚಿನ ಲೆಕ್ಕ ಹೇಳೋರು ಅವರ ಮನಿಯವರು.